ಕಂಕುಳ ಬೆವರೂ ಕರಿ ಕೋಟೂ

ಬೆವರು ಎಲ್ಲರಿಗೂ ಬರ್ತೈತೆ. ನನ್ನ ಕಂಕುಳಲ್ಲಿ ಮಾತ್ರ ನೀರಿನ ಊಟೆ ಒಡೀತೈತೆ, ಊರಿನ ನಗುವೆಲ್ಲ ನನ್ನ ಪಾಲಿಗೇ ಬರ್ತೈತೆ. ಆಗ ನಾನು ಹೊಸದುರ್ಗದ ಶಾಲೇಲಿ ಹಂಗಾಮಿ ಮೇಷ್ಟ್ರು. ಇನ್ಸ್‌ಪೆಕ್ಟರ್ ಸಾಹೇಬ್ರು ಮೆಚ್ಚಿದ್ರೆ ಖಾಯಂ, ಇಲ್ಲಾಂದ್ರೆ ಮನೆ. ಮಹಾರಾಜರ ಸರ್ಕಾರದ ಮೇಷ್ಟ್ರಂದ್ರೆ ಬೇಸಿಗೇಲೂ ಕತ್ತಿನ ತನಕ ಗುಂಡಿ ಹಾಕಿದ ಕರಿ ಕೋಟೇ ಆಗ್ಬೇಕಂತೆ. ಈ ಕಾನೂನು ಮಾಡಿದವನ್ನ ಶಿವರಾತ್ರಿ ಕಳೆದ ಮೇಲೆ ಹಿರಿಯೂರಿನ ಬಿಸಿಲಿಗೆ ನಿಲ್ಲಿಸ್ಬೇಕು!

ಪಟಿಕ

ಹಿರಿಯೂರು ಸಂತೆಗೆ ಹೋದಾಗ ಕ್ಷೌರದವನು, "ಬೋಳಿಸಿ ಪಟಿಕ ಉಜ್ಜಿದ್ರೆ ಒಂದು ಹನಿ ಬರಲ್ಲ ಬಿಡ್ರಿ" ಅಂದ. ಬೋಳಿಸಿದ, ಎರಡು ಕಡೆ ಗಾಯ ಮಾಡಿದ, ಆ ಗಾಯದ ಮೇಲೇ ಪಟಿಕ ಉಜ್ಜಿದ. ಅಯ್ಯಯ್ಯೋ, ಉರಿ ಅಂದ್ರೆ ಉರಿ! ಕೈ ಕೆಳಗೆ ಬಿಡೋ ಹಂಗಿಲ್ಲ. ತೋಳು ಅಗಲಿಸ್ಕಂಡು ಬರ್ತಿದ್ರೆ ತೆಂಗಿನಕಾಯಿ ಸಾಹುಕಾರ ಕೂಗಿದ: "ಯಾಕ್ರಿ ಮೇಷ್ಟ್ರೇ, ಯಾರನ್ನ ತಬ್ಕಳಾಕೆ ಹೊಂಟ್ರಿ?"

"ನಿನ್ನೇ ಕಣಯ್ಯಾ!" ಅಂತ ಮೈಮೇಲೆ ಹೋದೆ. ಅಂಗಡಿ ಬಾಗಿಲು ಹಾಕ್ಕಂಡ.

ವಿಭೂತಿ

ಹೊಳಲ್ಕೆರೇಲಿ ನಮ್ಮತ್ತೆ, "ಒಲೆ ಬೂದಿ ಹಚ್ಕಳ್ರಿ, ನೀರು ಹೀರ್ತೈತೆ" ಅಂದ್ರು. ಒಲೇಲಿ ಇನ್ನೂ ಕೆಂಡ. ಕಾಯೋ ತಾಳ್ಮೆ ನನಗೆಲ್ಲಿ? ಪೂಜೆ ತಟ್ಟೇಲಿದ್ದ ವಿಭೂತಿ ಗಟ್ಟೀನೇ ಉಜ್ಕಂಡೆ. ಮಾವ ನೋಡಿಬಿಟ್ರು.

"ಹಣೆಗೆ ಹಚ್ಕಳೋದನ್ನ ಎಲ್ಲಿಗೆ ಹಚ್ಕಂಡ್ರಿ?"

"ಶಿವ ಇಲ್ಲದ ಜಾಗ ಯಾವ್ದೈತೆ ಮಾವಾ?"

"ಐತೆ. ನಿಮ್ಮ ಕಂಕುಳು!"

ಸಾಹೇಬರ ಭೇಟಿ

ಸಾಹೇಬ್ರು ಬಂದೇಬಿಟ್ರು. ಕೋಟಿನ ಒದ್ದೆ ಕಾಣಬಾರ್ದು ಅಂತ ಮೊಣಕೈ ಪಕ್ಕೆಗೆ ಒತ್ಕಂಡು ನಿಂತೆ. ಮೂರು ತಿಂಗಳಿಂದ ಪಾಠ ಮಾಡ್ತಿದ್ದದ್ದೂ ಹಂಗೇ. ಸಾಹೇಬ್ರು ಒಂದು ಲೆಕ್ಕ ಹೇಳಿ, "ಗೊತ್ತಿದ್ದೋರು ಕೈ ಎತ್ರಿ" ಅಂದ್ರು. ಮಕ್ಕಳೆಲ್ಲ ಮೊಣಕೈ ಪಕ್ಕೆಗೆ ಒತ್ಕಂಡು ಬರೀ ಅಂಗೈ ಎತ್ತಿದ್ರು! ಶಾಲೇಲಿ ಕೈ ಎತ್ತೋದೇ ಹಿಂಗೆ ಅಂತ ನನ್ನ ನೋಡಿ ಕಲಿತಿದ್ವು, ಹಾಳಾದವು.

ಸಾಹೇಬ್ರಿಗೆ ಗಾಬರಿ. "ಏನ್ರಿ, ಇಡೀ ಶಾಲೆಗೇ ಕಂಕುಳಲ್ಲಿ ಪ್ಲೇಗಿನ ಕುರು ಎದ್ದೈತೇನ್ರಿ?"

ನಾನು ಮೊಣಕೈ ಇನ್ನೂ ಬಿಗಿಯಾಗಿ ಒತ್ಕಂಡೆ. "ಡಾಕ್ಟರು ಬಂದು ನೋಡೋವರೆಗೂ ಖಾಯಂ ಮಾತಿಲ್ಲ" ಅಂತ ಹೇಳಿ ಹೋದ್ರು.

ಚಿತ್ರದುರ್ಗದಿಂದ ಡಾಕ್ಟರು ಬಂದು ಒಬ್ಬೊಬ್ಬರದೇ ತೋಳು ಎತ್ತಿಸಿ ನೋಡಿದ್ರು. ಕುರು ಎಲ್ಲಿಂದ ಬರಬೇಕು, ಒಂದು ಗುಳ್ಳೇನೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದ್ರು.

"ಈಗ ನೀವೆತ್ರಿ ಮೇಷ್ಟ್ರೇ."

ಸಿಟ್ಟು ನೆತ್ತಿಗೇರ್ತು. "ನೋಡ್ಕಳ್ರಿ!" ಅಂತ ಎರಡೂ ಕೈ ಸೂರಿಗೆ ಎತ್ತಿದೆ. ಡಾಕ್ಟರು ಕೋಟು ಮುಟ್ಟಿದ್ರು, ಕೈ ಒರೆಸ್ಕಂಡ್ರು, ಕೂತು ವರದಿ ಬರೆದ್ರು: "ಮಕ್ಕಳು ಆರೋಗ್ಯವಾಗಿದ್ದಾರೆ. ಮೇಷ್ಟರನ್ನು ಖಾಯಂ ಮಾಡಬಹುದು, ಒಣಗಿಸಿದ ಮೇಲೆ."