ಕಡಲಿಗೆ ಕಟ್ಟಿದ ಪಾಗಾರದವರಿಗೆ

ವಾನಳ್ಳಿ, ಶಿರಸಿ ತಾಲೂಕು
ಮಾರ್ಚ್ ತಿಂಗಳ ಎರಡನೆಯ ವಾರ

ಘಟ್ಟದ ಕೆಳಗೆ, ನನ್ನ ತಂಗಿ ಸೀತಾಳ ಮನೆಯೆದುರು ಅರಬ್ಬೀ ಸಮುದ್ರಕ್ಕೆ ಎದೆಯೊಡ್ಡಿ ನಿಂತಿರುವ, ನಲವತ್ತು ಮಾರು ಉದ್ದದ ಕಲ್ಲುಗೋಡೆಯಾದ ಪಾಗಾರದವರ ದಿವ್ಯ ಸನ್ನಿಧಿಗೆ.

ಮಾನ್ಯರೇ,

ತಮ್ಮನ್ನು ಮೂರು ವರ್ಷಗಳ ಹಿಂದೆ ಖುದ್ದು ನಿಂತು ಕಟ್ಟಿಸಿದ ಶಾಂತಾರಾಮ ಹೆಗಡೆ ತಲೆಬಾಗಿ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ಒಂದು ಕಲ್ಲು ಕದಲದೆ ಕ್ಷೇಮವಾಗಿರುವುದನ್ನು ಮೊನ್ನೆ ಕಣ್ಣಾರೆ ಕಂಡು ಬಂದೆ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಆ ಕಾರಣಕ್ಕೆ. ಖಾಸಗಿಯಾಗಿ ಬರೆಯಬಹುದಿತ್ತು. ಆದರೆ ತಮ್ಮನ್ನು ನಾಲ್ಕೂರಿಗೆ ಕೇಳುವಂತೆ ಹೊಗಳಿಕೊಂಡು ತಿರುಗಿದವನು ನಾನೇ ಆದ್ದರಿಂದ, ದೂರನ್ನೂ ನಾಲ್ಕು ಜನರ ಎದುರೇ ಹೇಳುವುದು ಮರ್ಯಾದೆ ಎಂದುಕೊಂಡೆ.

ತಾವು ನಮ್ಮೂರಿನವರೇ. ನನ್ನ ಜಾಗದ ಅಂಚಿನ ಕಲ್ಲುಗಳೇ ಐದು ಲಾರಿ ಹತ್ತಿ ಘಟ್ಟ ಇಳಿದು ತಾವಾದದ್ದು. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ನೀರಿನ ವಿದ್ಯೆ ಕಲಿಸಿದ್ದು ತೋಟದ ಪಕ್ಕದ ಹಳ್ಳ. ಹಳ್ಳ ದಂಡೆ ಕೊರೆದರೆ ಅಲ್ಲಿ ಕಲ್ಲು ಕಟ್ಟಬೇಕು, ಕಟ್ಟಿದರೆ ಹಳ್ಳ ಮಾತು ಕೇಳುತ್ತದೆ. ಮೂವತ್ತು ವರ್ಷದಿಂದ ಕೇಳುತ್ತಲೇ ಇದೆ. ಹಾಗಾಗಿ ಸೀತಾ ಫೋನು ಮಾಡಿ, "ಅಣ್ಣಾ, ಈ ಸಲ ಕಡಲು ತುಳಸಿಕಟ್ಟೆ ಮುಟ್ಟಿ ಹೋತು, ಎಂತಾದ್ರೂ ಮಾಡಾ" ಎಂದಾಗ, ಕಡಲೆಂದರೆ ಸ್ವಲ್ಪ ಅಗಲವಾದ ಹಳ್ಳ ಎಂದು ತಿಳಿದು ನಾನು ಹಾರೆ ಹಿಡಿದು ಇಳಿದೆ. ಮನೆಯೆದುರಿನ ಮರಳ ದಿಬ್ಬದ ಮೇಲೆ ಕೇದಗೆ ಮುಳ್ಳು, ಅಡುಂಬು ಬಳ್ಳಿ ಹಬ್ಬಿದ್ದವು. ತೋಟದವನ ಕಣ್ಣಿಗೆ ಅವು ಕಳೆಯಾಗಿ ಕಂಡವು. ಕಡಿಸಿ, ದಿಬ್ಬವನ್ನು ಅಂಗಳದಂತೆ ಸಮ ಮಾಡಿ, ದಾರ ಹಿಡಿದು ತಮ್ಮ ಅಡಿಪಾಯ ಹಾಕಿದೆ. ಪಕ್ಕದ ಮನೆಯ ಸುಬ್ಬಿ, ಮೀನು ಒಣಗಿಸಿ ಮಾರುವ ಹೆಂಗಸು, ಬುಟ್ಟಿ ಇಳಿಸಿ ನೋಡುತ್ತ ನಿಂತಿದ್ದಳು. "ಹೆಗಡೇರೆ, ಆ ದಿಬ್ಬ ಎಂತಕೆ ತೆಗೀತ್ರಿ? ನಮ್ಗೆ ಅದೇ ಅಲ್ದಾ ಪಾಗಾರ?" ಎಂದಳು. ಮರಳು ಪಾಗಾರವಾಗುವುದುಂಟೇ ಎಂದು ನಾನು ದೊಡ್ಡ ಮನಸ್ಸು ಮಾಡಿ ನಕ್ಕೆ.

ಮಾನ್ಯರೇ, ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಮೊದಲೆಲ್ಲ ಅಲೆ ಬಂದರೆ ಮರಳಿನ ಏರು ಹತ್ತುತ್ತ ಹತ್ತುತ್ತ ದಣಿದು, ತಾನಾಗಿ ಹಿಂದಿರುಗುತ್ತಿತ್ತು. ತಾವು ಅಂಥ ಸಡಿಲ ವ್ಯವಹಾರಕ್ಕೆ ಆಸ್ಪದವನ್ನೇ ಕೊಡದೆ, ಬಂದ ಅಲೆಯ ಮುಖಕ್ಕೇ ಬಾರಿಸಿ ಕಳುಹಿಸುತ್ತೀರಿ. ಸಿಟ್ಟಿಗೆದ್ದ ಅಲೆ ಹೋಗುವಾಗ ತಮ್ಮ ಕಾಲಬುಡದ ಮರಳನ್ನು ಕಿತ್ತುಕೊಂಡು ಹೋಗುತ್ತದೆ. ಮೊದಲೂ ಮರಳು ಹೋಗುತ್ತಿತ್ತು. ಆಷಾಢಕ್ಕೆ ತವರಿಗೆ ಹೋದ ಹೊಸ ಸೊಸೆಯಂತೆ ಮಳೆಗಾಲ ಪೂರ್ತಿ ಕಡಲೊಳಗಿದ್ದು, ದೀಪಾವಳಿ ಕಳೆಯುತ್ತಲೇ ಸದ್ದಿಲ್ಲದೆ ಬಂದು ಮನೆಯೆದುರು ಕೂರುತ್ತಿತ್ತು. ಈಗ ಬರುತ್ತದೆ, ಬಾಗಿಲಲ್ಲಿ ತಮ್ಮನ್ನು ನೋಡುತ್ತದೆ, ಹಾಗೇ ತಿರುಗಿ ಹೋಗುತ್ತದೆ. ಮಕ್ಕಳು ಕಬಡ್ಡಿ ಆಡುತ್ತಿದ್ದ ದಂಡೆಯಲ್ಲಿ ಈಗ ಕಡಲು ಇಳಿದ ಹೊತ್ತಿನಲ್ಲೂ ಮೊಣಕಾಲು ನೀರು. ಸೀತಾಳ ತುಳಸಿಕಟ್ಟೆಗೆ ಮಾತ್ರ ಒಂದು ಹನಿ ಸಿಡಿದಿಲ್ಲ, ಒಪ್ಪುತ್ತೇನೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಮ್ಮ ಬಲತುದಿ ಸುಬ್ಬಿಯ ಅಂಗಳದ ಗಡಿಯಲ್ಲಿ ಮುಗಿಯುತ್ತದೆ. ತಮ್ಮನ್ನು ಒಡೆಯಲಾಗದ ಕಡಲು ಅಲ್ಲಿ ಮೂಲೆ ತಿರುಗಿ ಒಳಗೆ ನುಗ್ಗುತ್ತದೆ. ಮೊದಲನೆಯ ಮಳೆಗಾಲ ಅವಳ ಎರಡು ತೆಂಗಿನಮರ ಹೋದವು, ಎರಡನೆಯದಕ್ಕೆ ದೋಣಿ ಎಳೆದಿಡುವ ಜಾಗ, ಕಳೆದ ಬಾರಿ ಮೀನು ಒಣಗಿಸುವ ಅಂಗಳದ ಅರ್ಧ. ಈಗ ಹೊಸ್ತಿಲಿಗೂ ನೀರಿಗೂ ಎಂಟು ಹೆಜ್ಜೆ, ಅದೂ ನನ್ನ ಹೆಜ್ಜೆ. ಮುಂದಿನ ಮಳೆ ಹಿಡಿಯುವುದಕ್ಕೆ ಮೂರು ತಿಂಗಳೂ ಇಲ್ಲ. ಇದು ತಮ್ಮಿಂದಲೇ ಆದದ್ದೆಂದು ನಂಬಿಕೆ ಬಾರದೆ ನಾನು ಸಿಪ್ಪೆ ಸುಲಿಯದ ಹತ್ತು ಅಡಿಕೆಗಳನ್ನು ಅಲೆಗೆ ಎಸೆದು, ಬಿಸಿಲಿಗೆ ಕೊಡೆ ಹಿಡಿದು ಅವುಗಳ ಹಿಂದೆ ನಡೆದೆ. ಓರೆಯಾಗಿ ಏರಿ, ನೇರ ಇಳಿದು, ಮತ್ತೆ ಓರೆಯಾಗಿ ಏರಿ ಅವು ದಂಡೆಗುಂಟ ಸಾಗಿಯೇ ಹೋದವು. ಮರಳೂ ಹೀಗೇ ನಡೆಯುತ್ತದಂತೆ, ಒಬ್ಬರ ಮನೆಯೆದುರಿನಿಂದ ಇನ್ನೊಬ್ಬರ ಮನೆಯೆದುರಿಗೆ. ಒಬ್ಬರ ಬಾಗಿಲಲ್ಲಿ ಅದನ್ನು ತಡೆದರೆ ಮುಂದಿನವರ ಬಾಗಿಲಿಗೆ ತಲುಪುವುದಿಲ್ಲ. ನನ್ನ ಹಳ್ಳ ಇಷ್ಟು ವರ್ಷ ಈ ಸಂಗತಿಯನ್ನು ನನ್ನಿಂದ ಮುಚ್ಚಿಟ್ಟಿತ್ತು.

ಆದ್ದರಿಂದ ಮೊದಲು ತಮ್ಮಲ್ಲೇ ವಿನಂತಿಸಿಕೊಳ್ಳುವುದೆಂದು ಯೋಚಿಸಿದ್ದೆ. ತಾವು ಅಲೆಯನ್ನು ಹೊರಗೆ ನಿಲ್ಲಿಸಿ ಮರಳನ್ನು ಮಾತ್ರ ಒಳಗೆ ಬಿಡಬಹುದೇ? ಮಳೆಗಾಲದಲ್ಲಿ ನಿಂತು, ಉಳಿದ ಎಂಟು ತಿಂಗಳು ರಜೆಯ ಮೇಲೆ ವಾನಳ್ಳಿಗೆ ಬಂದಿರಬಹುದೇ? ಅದಾಗದಿದ್ದರೆ, ನೆರೆಮನೆಯ ಅಂಗಳ ತಿನ್ನುವ ಮೊದಲು ಕಡಲು ತಮ್ಮ ಮೂಲಕ ಅರ್ಜಿ ಸಲ್ಲಿಸುವಂತೆ ಒಂದು ಏರ್ಪಾಟು ಮಾಡಬಹುದೇ? ತಮ್ಮ ಮೌನ ನೋಡಿದರೆ ತಾವು ಯಾವುದೋ ಸರಕಾರಿ ಕಚೇರಿಯಲ್ಲಿ ತರಬೇತಿ ಪಡೆದವರಂತೆ ಕಾಣುತ್ತದೆ.

ಕೊನೆಗೆ ನಾನು ಸುಬ್ಬಿಯಲ್ಲಿಗೆ ಹೋಗಿ, ತಮ್ಮನ್ನು ಅವಳ ಮನೆಯೆದುರಿಗೂ ಬೆಳೆಸಿಕೊಡುತ್ತೇನೆ, ಕಲ್ಲು ನನ್ನದೇ ಎಂದೆ. ಅವಳು ಒಣಗುತ್ತಿದ್ದ ಬಂಗಡೆ ಮೀನು ತಿರುವಿ ಹಾಕುತ್ತಲೇ, "ನಮ್ ಬಾಗಿಲ್ಗೆ ಕಟ್ರೆ ಆಚೆ ಮಮತನ ಮನೆ ಹೋತದೆ. ಅದ್ರ ಬಾಗಿಲ್ಗೂ ಕಟ್ತ್ರಿ, ಅದ್ರಾಚೆದೂ ಕಟ್ತ್ರಿ. ಹೀಂಗೇ ಹೋದ್ರೆ ನಿಮ್ ಕಲ್ಲು ಗೋವೆ ಮುಟ್ತದೆ ಕಾಣಿ ಹೆಗಡೇರೆ, ವಾನಳ್ಳಿ ಗುಡ್ಡ ಖಾಲಿ ಆತದೆ. ನಮ್ ದೋಣಿ ಎಂತ ಮಾಳ್ಗಿ ಮ್ಯಾಲೆ ಇಡೂದಾ?" ಎಂದಳು. ನಗಲಿಕ್ಕೆ ಈ ಬಾರಿ ಸರದಿ ಅವಳದಾಗಿತ್ತು, ಅವಳು ನಗಲಿಲ್ಲ.

ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ಸೀತಾ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಊಟಕ್ಕೆ ಕೂತಾಗ ಬಡಿಸುತ್ತ ಅಂದಳು: "ಯಂಗ್ಳಿಗೆ ಮನೆ ಹಿಂದೆ ಜಾಗ ಇದ್ದು ಅಣ್ಣಾ. ಕೊಟ್ಟಿಗೆ ಸರಿಸಲಕ್ಕು, ತುಳಸಿಕಟ್ಟೆನೂ ಸರಿಸಲಕ್ಕು. ಸುಬ್ಬಿ ಮನೆ ಎಲ್ಲಿಗೆ ಸರಿಸಲಕ್ಕು? ಅದ್ರ ಬೆನ್ನಿಗೆ ರಸ್ತೆ ಇದ್ದು. ನಿನ್ನ ಪಾಗಾರ ತೆಗೆಯಾ." ನಾನು ಇನ್ನೊಂದು ವರ್ಷ ನೋಡುವಾ ಎಂದೆ. "ನೋಡಿದ್ದು ಸಾಕು, ನೀನು ಘಟ್ಟದ ಮೇಲೆ ಕೂತು ನೋಡ್ತೆ, ಆನು ದಿನಾ ಸುಬ್ಬಿ ಮುಖ ನೋಡವು" ಎಂದು ಮಜ್ಜಿಗೆ ಸುರಿದಳು.

ಹಾಗಾಗಿ ತಮ್ಮ ಸೇವೆಯನ್ನು ಕೃತಜ್ಞತಾಪೂರ್ವಕವಾಗಿ ಮುಕ್ತಾಯಗೊಳಿಸಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ. ಯುಗಾದಿಯ ಮೂರನೆಯ ದಿನ ನಾನೇ ಆಳುಗಳೊಂದಿಗೆ ಬಂದು, ಬಲತುದಿಯಿಂದ ಶುರು ಮಾಡಿ ತಮ್ಮನ್ನು ಕಳಚುತ್ತೇನೆ. ತಮ್ಮ ಮುಂದಿನ ನೇಮಕಾತಿ ಮೂವತ್ತು ಹೆಜ್ಜೆ ಹಿಂದೆ, ಹೊಸ ಕೊಟ್ಟಿಗೆಯ ಅಡಿಪಾಯದಲ್ಲಿ. ಅಲ್ಲಿ ತಮಗೆ ಎದುರಾಳಿಯೆಂದರೆ ಒಂದು ಎಮ್ಮೆ ಮಾತ್ರ. ತಾವಿದ್ದ ಜಾಗದಲ್ಲಿ ಕೇದಗೆ, ಅಡುಂಬು ನೆಡುತ್ತೇವೆ. ಎಲ್ಲಿ, ಎಷ್ಟು ಅಂತರದಲ್ಲಿ ಎಂಬುದನ್ನು ಸುಬ್ಬಿ ಹೇಳುತ್ತಾಳೆ, ನಾನು ಗುಂಡಿ ತೋಡುತ್ತೇನೆ. ಮರಳು ಮರಳಿ ಬರಲು ಎಷ್ಟು ವರ್ಷ ಬೇಕೋ, ಅಲ್ಲಿಯವರೆಗೆ ಆ ಎಂಟು ಹೆಜ್ಜೆ ತಡೆಯುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಒಮ್ಮೆ ಹೇಳಿ ಆಗಿದೆ.

ಕಟ್ಟಿದ ಕೈಯಿಂದಲೇ ಕಳಚಲು ಹೊರಟಿರುವ, ಆದರೂ ತಮ್ಮ ವಿಶ್ವಾಸಿ,
ಶಾಂತಾರಾಮ ಹೆಗಡೆ

ತಾ.ಕ.: ತಮ್ಮ ಗಟ್ಟಿತನಕ್ಕೆ ಮನಸೋತ ಎಂಜಿನಿಯರ್ ಒಬ್ಬರು ಇದೇ ಮಾದರಿಯನ್ನು ಮೂರು ಕಿಲೋಮೀಟರಿಗೆ ವಿಸ್ತರಿಸಬಹುದೆಂದು ಬರೆದುಕೊಂಡು ಹೋಗಿದ್ದಾರಂತೆ. ಮತ್ತೆ ಬಂದರೆ ಸುಬ್ಬಿ ಅವರನ್ನು ತನ್ನ ಹೊಸ್ತಿಲ ಮೇಲೆ ಕೂರಿಸಿ ಚಹಾ ಕೊಡುತ್ತಾಳಂತೆ. ಹುಣ್ಣಿಮೆಯ ಉಬ್ಬರದ ಹೊತ್ತಿಗೇ ಬರಬೇಕಂತೆ. ಸಕ್ಕರೆ ಅವಳು ಹಾಕುತ್ತಾಳೆ, ಉಪ್ಪು ತಾನಾಗಿ ಬಂದು ಬೀಳುತ್ತದೆ.