ಒಲೆಯಣ್ಣನ ಉಂಗುರ

ಉಂಗುರಕ್ಕೆ ಸುತ್ತಿದ್ದ ದಾರ ಕೊಳೆಯಾಗಿತ್ತು. ಬೆಳಿಗ್ಗೆ ಮುಖ ತೊಳೆಯುವಾಗ ಒಲೆಯಣ್ಣ ಅದನ್ನು ಬಿಚ್ಚಿ ಬಿಸಾಕಿದ. ಹೊಸದು ಸುತ್ತಿದರಾಯಿತು ಅಂದುಕೊಂಡ, ಮರೆತ. ಎಲ್ಲ ಶುರುವಾದದ್ದು ಅಲ್ಲಿಂದ.

ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವಳ ಉಂಗುರ ಮೊದಮೊದಲು ಇವನ ಕಿರುಬೆರಳಿಗೆ ಸರಿಯಾಗಿಯೇ ಕೂತಿತ್ತು. ಒಬ್ಬನಿಗೋಸ್ಕರ ಏನು ಬೇಯಿಸುವುದು ಎಂದು ದಿನಕ್ಕೊಂದು ಹೊತ್ತು ಉಂಡು ಅವನು ಸೊರಗಿದ, ಜೊತೆಗೆ ಬೆರಳೂ ಸೊರಗಿತು.

ಅವನ ಕೆಲಸ ಆರು ಮಹಡಿಯ ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಅಲ್ಲಿನ ಒಲೆಯಲ್ಲಿ ಉರಿಯುತ್ತಿದ್ದದ್ದು ಇದ್ದಲೂ ಅಲ್ಲ, ಎಣ್ಣೆಯೂ ಅಲ್ಲ. ಹಿಟ್ಟಿನಂಥ ಕಬ್ಬಿಣದ ಪುಡಿ. ಪುಡಿ ಉರಿದು ನೀರು ಕುದಿಯುತ್ತದೆ, ಹಬೆಯಿಂದ ಕರೆಂಟು ಬರುತ್ತದೆ, ಕೊನೆಗೆ ತುಕ್ಕು ಉಳಿಯುತ್ತದೆ. ಆ ತುಕ್ಕನ್ನು ಲಾರಿಯವನು ಕಾರ್ಖಾನೆಗೆ ಒಯ್ಯುತ್ತಾನೆ. ಅಲ್ಲಿ ಅದನ್ನು ಅರೆದು, ಬಿಸಿಲಿನ ಕರೆಂಟಿನಿಂದ ಮತ್ತೆ ಕಬ್ಬಿಣದ ಪುಡಿ ಮಾಡಿ ವಾಪಸ್ ಕಳಿಸುತ್ತಾರೆ. ಆ ಒಲೆ ನೋಡಿಕೊಳ್ಳುವವನಾದ್ದರಿಂದ ಕಟ್ಟಡಕ್ಕೆಲ್ಲ ಅವನು ಒಲೆಯಣ್ಣ. ನಿಜವಾದ ಹೆಸರು ಕರೆಯುತ್ತಿದ್ದವಳು ಈಗ ಇರಲಿಲ್ಲ.

ಹತ್ತು ಗಂಟೆಗೆ ಪುಡಿಯ ತೊಟ್ಟಿಯೊಳಗೆ ಕೈ ಹಾಕಿ ಗಂಟು ಒಡೆಯುತ್ತಿದ್ದಾಗ ಬೆರಳು ಹಗುರಾದಂತಾಯಿತು. ನೋಡಿದರೆ ಉಂಗುರವಿಲ್ಲ. ಕೆಳಗೆ ಒಲೆ ಹಸಿದ ಎಮ್ಮೆಯ ಹಾಗೆ ಪುಡಿ ಎಳೆದುಕೊಳ್ಳುತ್ತಲೇ ಇತ್ತು. ಅವನು ಹಿಂದುಮುಂದು ನೋಡದೆ ಕೆಂಪು ಗುಂಡಿ ಒತ್ತಿಬಿಟ್ಟ.

ಕಟ್ಟಡದ ಕರೆಂಟೆಲ್ಲ ಹೋಯಿತು. ನೆಲಮಹಡಿಯ ಅಂಗಡಿ ಸಾಲಿನ ಕ್ಷೌರಿಕ ಒಬ್ಬರ ಅರ್ಧ ತಲೆ ಮುಗಿಸಿದ್ದ. ಕಟ್ಟಡದ ಕಾರ್ಯದರ್ಶಿ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಹತ್ತು ನಿಮಿಷದಲ್ಲಿ ನೆಲಮಾಳಿಗೆ ಮದುವೆಮನೆಯ ಹಾಗೆ ತುಂಬಿತು.

"ತೊಟ್ಟೀಲಿ ಕೈಯಾಡಿಸಿ ಹುಡುಕಿದ್ರೆ ವಾರ ಹಿಡಿಯತ್ತೆ," ಅಂದ ಎಲೆಕ್ಟ್ರಿಷಿಯನ್. "ಆಯಸ್ಕಾಂತ ಇಳಿಸೋಣ. ಕಬ್ಬಿಣ ಎಲ್ಲ ಮೇಲೆ ಬರತ್ತೆ, ಚಿನ್ನ ತಳದಲ್ಲಿ ಉಳಿಯತ್ತೆ."

"ಚಿನ್ನಕ್ಕೂ ಆಯಸ್ಕಾಂತಕ್ಕೂ ಆಗಿಬರಲ್ಲ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೀನಿ," ಅಂದರು ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು. ಕ್ಷೌರಿಕನ ಕುರ್ಚಿಯಿಂದ ಎದ್ದು ಬಂದಿದ್ದವರು ಅವರೇ. ಎಡಗಡೆ ಕೂದಲಿತ್ತು, ಬಲಗಡೆ ಇರಲಿಲ್ಲ. ಆದರೂ ಅವರ ಮಾತನ್ನು ಎಲ್ಲರೂ ಒಪ್ಪಿದರು.

ಆಯಸ್ಕಾಂತ ಇಳಿಯಿತು. ಪ್ರತಿ ಸಲವೂ ಮುಳ್ಳುಹಂದಿಯಷ್ಟು ದಪ್ಪ ಪುಡಿ ಮೆತ್ತಿಕೊಂಡು ಮೇಲೆ ಬಂತು. ಆಯಸ್ಕಾಂತ ತಾಕಿ ಗಂಟುಗಟ್ಟಿದ ಪುಡಿಯನ್ನು ಮತ್ತೆ ಒಲೆಗೆ ಹಾಕುವಂತಿಲ್ಲ, ತುಕ್ಕಿನ ಡ್ರಮ್ಮಿಗೇ ಸುರಿಯಬೇಕು. ಒಲೆಯಣ್ಣ ಮಾತ್ರ ಅದರತ್ತ ನೋಡಲಿಲ್ಲ. ಅವನ ಕಣ್ಣು ತೊಟ್ಟಿಯ ತಳದಲ್ಲೇ ನೆಟ್ಟಿತ್ತು.

ತಳದಲ್ಲಿ ಸಿಕ್ಕಿದ್ದು ಒಂದು ಅಂಗಿಯ ಗುಂಡಿ, ಒಂದು ಪೆನ್ನಿನ ಮುಚ್ಚಳ.

"ಬಚ್ಚಲಲ್ಲಿ ನೋಡಿದ್ಯಾ?" ಅಂದ ಕ್ಷೌರಿಕ.

"ಮನೇಲೇ ಬಿಟ್ಟು ಬಂದಿರ್ತೀಯ," ಅಂದರು ಮೇಷ್ಟ್ರು. "ನಿನಗೆ ಈಚೆಗೆ ಮರೆವು ಜಾಸ್ತಿ."

"ಇಲ್ಲ ಸಾರ್. ಕೈಯಲ್ಲೇ ಇತ್ತು."

ಯಾರೂ ನಂಬಲಿಲ್ಲ. ಹೇಗೋ ಬಾಗಿಲು ಬಿಡಿಸಿಕೊಂಡು ಲಿಫ್ಟಿನಿಂದ ಇಳಿದ ಕಾರ್ಯದರ್ಶಿ ಬೆವರು ಒರೆಸಿಕೊಂಡು, "ಇನ್ನೊಂದು ಸಲ ಹೀಗಾದ್ರೆ ಒಲೆಗೆ ಬೇರೆಯವರನ್ನ ನೋಡ್ತೀವಿ," ಎಂದು ಹೇಳಿ ಹೋದರು. ಎರಡು ಗಂಟೆಗೆ ಲಾರಿ ಬಂತು. ಒಲೆಯಣ್ಣನೇ ಹೆಗಲು ಕೊಟ್ಟು ಡ್ರಮ್ಮುಗಳನ್ನು ಏರಿಸಿದ, ರಸೀತಿಗೆ ಸಹಿ ಹಾಕಿದ, ಲಾರಿ ಹಿಂದಕ್ಕೆ ತಿರುಗುವಾಗ ಕೈ ಬೀಸಿ ದಾರಿಯನ್ನೂ ತೋರಿಸಿದ.

ಕೆಲಸ ಮುಗಿದ ಮೇಲೆ ಮೂರನೇ ಮಹಡಿಗೆ ಹೋದ. ಅಲ್ಲಿ ಹೆಂಡತಿಯ ಅಕ್ಕ ಇದ್ದಳು. ಮನೆಗೆ ಹೋಗಿ ಸುಮ್ಮನೆ ಕೂರುವುದಕ್ಕಿಂತ ಅವಳ ಹತ್ತಿರ ಹೇಳಿಕೊಂಡರೆ ಎದೆ ಹಗುರಾದೀತು ಅನ್ನಿಸಿತ್ತು.

"ನಿನ್ನ ತಂಗೀದು ಅಂತ ನನ್ನ ಹತ್ರ ಇದ್ದದ್ದು ಅದೊಂದೇ ಅತ್ತಿಗೆ. ಅದನ್ನೂ ಕಳ್ಕೊಂಡೆ."

ಅವಳು ಕಾಫಿ ಕೊಟ್ಟು ಎದುರಿಗೆ ಕೂತಳು. "ತೊಟ್ಟಿ ಪೂರ್ತಿ ನೋಡಿದ್ರಾ?"

"ತಳದವರೆಗೂ. ಪುಡಿ ಎಲ್ಲ ಆಯಸ್ಕಾಂತದಲ್ಲಿ ತೆಗೆಸಿದ್ವಿ."

"ಆಯಸ್ಕಾಂತದಲ್ಲಾ?" ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಇನ್ನು ಹೇಳದೆ ಇರೋಕಾಗಲ್ಲ. ನೀವು ಕೊಡಿಸಿದ ಉಂಗುರ ಹನ್ನೊಂದು ವರ್ಷದ ಹಿಂದೆ ಬಟ್ಟೆ ಒಗೀವಾಗ ಹೋಯ್ತು. ಮೂರು ದಿನ ಮೋರಿ ಕೆದಕಿದ್ಲು ಪಾಪ. ಆಮೇಲೆ ನಾನೇ ಅದೇ ಥರದ್ದು ಮಾಡಿಸಿಕೊಟ್ಟೆ. ಒಳಗೆ ಕಬ್ಬಿಣ, ಮೇಲೆ ಚಿನ್ನದ ನೀರು. ಅವರಿಗೆ ಗೊತ್ತಾದ್ರೆ ನೊಂದ್ಕೋತಾರೆ ಅಕ್ಕ ಅಂತ ಅತ್ತಿದ್ಲು."

ಒಲೆಯಣ್ಣ ಲೋಟ ಕೆಳಗಿಟ್ಟ. ಪಾತ್ರೆ ತೊಳೆಯುವ ಮುಂಚೆ ಅವಳು ಉಂಗುರ ತೆಗೆದು, ಒರೆಸಿ, ಕಿಟಕಿಯ ಮೇಲಿಡುತ್ತಿದ್ದದ್ದು ನೆನಪಾಯಿತು. ತಾನು ಕೊಟ್ಟದ್ದೆಂದು ಎಷ್ಟು ಜೋಪಾನ ಮಾಡುತ್ತಾಳೆ ಎಂದು ಹನ್ನೊಂದು ವರ್ಷ ಒಳಗೊಳಗೇ ಹಿಗ್ಗಿದ್ದ. ಅವಳು ಹೆದರುತ್ತಿದ್ದದ್ದು ತುಕ್ಕಿಗೆ. ಒಂದೇ ಒಂದು ಸಲ ಹೇಳಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದ. ಖಂಡಿತ ಅನ್ನುತ್ತಿದ್ದ.

ಮೆಟ್ಟಿಲು ಇಳಿಯುತ್ತಲೇ ಕಾರ್ಖಾನೆಗೆ ಫೋನು ಹಚ್ಚಿದ. ಗುಮಾಸ್ತ ಸಮಾಧಾನದಿಂದಲೇ ಕೇಳಿಸಿಕೊಂಡ.

"ನಿಮ್ಮ ಲೋಡು ಆಗಲೇ ಅರೆಯೋ ಯಂತ್ರಕ್ಕೆ ಹೋಯ್ತು ಸಾರ್. ಚಿನ್ನವೇ ಆಗಿದ್ರೆ ಜರಡೀಲಿ ಸಿಗ್ತಿತ್ತು. ಕಬ್ಬಿಣ ಅಂತೀರಲ್ಲ, ಅದು ಕಬ್ಬಿಣದ ಜೊತೆ ಸೇರ್ಕೊಂಡ್ತು. ಆದ್ರೆ ನೀವು ಯೋಚನೆ ಮಾಡ್ಬೇಡಿ, ಏನೂ ಪೋಲಾಗಲ್ಲ. ಸೋಮವಾರ ಎಲ್ಲ ನಿಮಗೇ ವಾಪಸ್ ಬರತ್ತೆ."

"ಯಾವ ಡ್ರಮ್ಮಿನಲ್ಲಿ?"

"ಅದು ಮಾತ್ರ ಹೇಳೋಕಾಗಲ್ಲ."

ಸೋಮವಾರ ಇಪ್ಪತ್ತು ಡ್ರಮ್ಮು ಬಂದವು. ಒಲೆಯಣ್ಣ ಮೊದಲನೆಯದರ ಮುಚ್ಚಳ ತೆಗೆದು ಪುಡಿಯನ್ನೇ ನೋಡುತ್ತ ನಿಂತ. ಉಳಿಸಿಟ್ಟಿದ್ದ ಪುಡಿ ಬೆಳಿಗ್ಗೆಯೇ ಮುಗಿದು, ಮೇಲೆ ಆರು ಮಹಡಿಯೂ ಕರೆಂಟಿಗೆ ಕಾದಿತ್ತು.

"ಹುಷಾರಣ್ಣ," ಅಂದ ಎಲೆಕ್ಟ್ರಿಷಿಯನ್. "ಕೈಲೇನಾದ್ರೂ ಇದ್ರೆ ಮೊದಲೇ ತೆಗೆದಿಡು."

"ಕೈಲೇನೂ ಇಲ್ಲ," ಅಂದ ಒಲೆಯಣ್ಣ. ಡ್ರಮ್ಮನ್ನು ತಬ್ಬಿ ಹಿಡಿದು, ಎಂದಿಗಿಂತ ಮೆಲ್ಲಗೆ ತೊಟ್ಟಿಗೆ ಬಗ್ಗಿಸಿದ.