ಜೋಳ ಕೇಳಿದವರಿಗೆ ಟೀ ಶರ್ಟು

ಚರ್ಚಿನ ತಂಡ ಕಟ್ಟಿಕೊಂಡು ಹೊರಟಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ನಗಬೇಕೋ ಬೈಯಬೇಕೋ ನನಗಂತೂ ತಿಳಿಯುವುದಿಲ್ಲ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ನರ್ಸು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಸಭೆಗಳು ಸೇರಿ ನಮ್ಮ ಐದು ಜನರನ್ನು ಯುದ್ಧದಲ್ಲಿ ನಲುಗಿದ ದಕ್ಷಿಣ ಸುಡಾನಿಗೆ ಕಳಿಸಿದವು. ಅಲ್ಲಿನ ಒಂದು ಚರ್ಚು ಮನೆಮಠ ಕಳೆದುಕೊಂಡ ಮಕ್ಕಳಿಗೆ ದಿನಾ ಗಂಜಿ ಹಾಕುತ್ತದೆ. ಅವರು ನಮ್ಮನ್ನು ಕೇಳಿದ್ದು ಒಂದೇ: ಜೋಳ. ಅಲ್ಲೂ ನಮ್ಮ ಹಾಗೆ ಜೋಳವೇ ಊಟ. ಅಲ್ಲಿನ ಪೇಟೆಯಲ್ಲಿ ಸಿಗುತ್ತದೆ, ಕೊಳ್ಳುವ ಶಕ್ತಿ ಅವರಿಗಿಲ್ಲ.

೧. ನಮ್ಮ ಹುಂಜ

ಸುಗ್ಗಿ ಹಬ್ಬಕ್ಕೆ ಜನ ಚರ್ಚಿಗೆ ಕುಂಬಳಕಾಯಿ, ಕೋಳಿ ತಂದು ಕೊಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಹರಾಜು. ಈ ಸಲ ಬಂದದ್ದೆಲ್ಲ ಆ ಮಕ್ಕಳ ಜೋಳಕ್ಕೆ ಎಂದು ಸಾರಿದರು. ನಾನು ಮನೆಯ ಹುಂಜ ಕೊಟ್ಟೆ. ತಡವಾಗಿ ಬಂದ ನನ್ನ ಯಜಮಾನರು ಕೊಟ್ಟೂರಿನ ವ್ಯಾಪಾರಿಯ ಮೇಲೆ ಹಟಕ್ಕೆ ಬಿದ್ದು ಅದನ್ನೇ ಕೂಗಿ ಗೆದ್ದು, ಬಗಲಲ್ಲಿ ಹಿಡಿದು ಬಂದರು.

"ನೋಡೇ, ಥೇಟ್ ನಮ್ಮ ಹುಂಜದಂಗ ಐತಿ!"

ಅದು ಹೋಗಲಿ. ಹಾಗೆ ಕೂಡಿದ ದುಡ್ಡಿನಲ್ಲಿ ಅರ್ಧವನ್ನು ನಮ್ಮ ತಂಡದ ನಾಯಕರು, ನಿವೃತ್ತ ಹೆಡ್‌ಮಾಸ್ಟರು, ಆ ಮಕ್ಕಳಿಗೆ ಹಂಚುವ ಟೀ ಶರ್ಟಿಗೆ ಸುರಿದರು. ಎದೆಯ ಮೇಲೆ ನಮ್ಮ ಸಭೆಗಳ ಹೆಸರು ಬೇರೆ.

"ಫೋಟೋದಾಗ ಚಂದ ಕಾಣ್ತೈತ್ರಿ ಸಿಸ್ಟರ್. ಜೋಳ ಕಡೀಕ ನೋಡಾಣ."

ನನಗೆ ತಡೆಯಲಾಗಲಿಲ್ಲ. "ಹುಡುಗ್ರು ಅಂಗಿ ಕುದಿಸ್ಕೊಂಡು ಕುಡೀತಾವೇನ್ರಿ ಸರ್?"

೨. ಧೈರ್ಯದ ಪಾಠ

ಅಲ್ಲಿಗೆ ಹೋದ ಮೇಲಾದರೂ ಹೆಡ್‌ಮಾಸ್ಟರು ಜೋಳಕ್ಕೆಂದು ಪೇಟೆಗೆ ಹೋದರೇ? ಇಲ್ಲ. ಮೊದಲು ಪಾಠವಂತೆ, 'ಭಯ ಗೆಲ್ಲುವುದು ಹೇಗೆ' ಅಂತ. ಗುಂಡಿನ ನಡುವೆ ಮಕ್ಕಳನ್ನು ಎತ್ತಿಕೊಂಡು ಓಡಿ ಬಂದ ಹೆಂಗಸರಿಗೆ ಇವರು ಧೈರ್ಯ ಹೇಳಿಕೊಡುವುದು! ನನ್ನ ಮೈಯೆಲ್ಲ ಉರಿಯಿತು.

ಪಾಠ ರಂಗೇರಿದಾಗ ಹೊರಗೆ ಮೋಟರ್ ಸೈಕಲ್ಲಿನ ಟೈರು ಢಂ ಎಂದಿತು. ಹೆಂಗಸರು ಅಲ್ಲಾಡಲಿಲ್ಲ. ಒಬ್ಬಾಕೆಯ ಕೂಸು ನಿದ್ದೆಯಿಂದ ಏಳಲೂ ಇಲ್ಲ. ನಮ್ಮ ಹೆಡ್‌ಮಾಸ್ಟರು ಮಾತ್ರ ಬೆಂಚಿನ ಕೆಳಗಿದ್ದರು. ಅಲ್ಲಿನ ಪಾಸ್ಟರು ಬಗ್ಗಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು:

"ಸರ್, ನಾವೂ ಕೆಳಗೆ ಬರಬೇಕೆ? ಇದೂ ಪಾಠದಲ್ಲಿದೆಯೇ?"

೩. ಊಟ ಆತೇನ್ರಿ?

ನಮ್ಮ ಕಡೆ ಯಾರು ಎದುರಾದರೂ "ಊಟ ಆತೇನ್ರಿ?" ಅನ್ನುತ್ತೇವೆ. "ಆತ್ರಿ, ನಿಮ್ದು?" ಅಂದರೆ ಮುಗಿಯಿತು. ಹೆಡ್‌ಮಾಸ್ಟರು ಈ ಮಾತನ್ನು ಅಲ್ಲಿನ ಭಾಷೆಯಲ್ಲಿ ಕಲಿತು, ಬೆಳಿಗ್ಗೆ ವಾಕಿಂಗ್ ಹೋದಾಗ ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ಬಂದರು.

ಮಧ್ಯಾಹ್ನ ನಮ್ಮ ಕೋಣೆಯ ಮುಂದೆ ಓಣಿಗೆ ಓಣಿಯೇ ತಟ್ಟೆ ಹಿಡಿದು ಪಂಕ್ತಿಯಲ್ಲಿ ಕೂತಿತ್ತು.

"ಮಾತಿಗೆ ಕೇಳಿದ್ನಪ್ಪ!" ಹೆಡ್‌ಮಾಸ್ಟರು ಬೆವತರು.

ಪಾಸ್ಟರಿಗೆ ಅರ್ಥವಾಗಲಿಲ್ಲ. "ಊಟ ಹಾಕುವ ಮನಸ್ಸಿಲ್ಲದೆ ಹಸಿದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?"

ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ, "ಟೀ ಶರ್ಟ್ ಹಂಚ್ರಿ ಸಿಸ್ಟರ್" ಅಂದರು. ನನ್ನ ಸಿಟ್ಟು ನೆತ್ತಿಗೇರಿತು. ನಾವು ಊರಿನಿಂದ ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಪುಡಿ ಅಷ್ಟನ್ನೂ ಹೊರಗೆ ಸುರಿದೆ. ಅವರ ಬ್ಯಾಗನ್ನೂ ಬಿಡಲಿಲ್ಲ. ಒಂದು ಚೂರು ಉಳಿಯಲಿಲ್ಲ.

ಸಂಜೆ ಪಾಸ್ಟರ ತಾಯಿ ಗಂಜಿ ಬಡಿಸುತ್ತಾ ಬಂದರು. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ಹೆಡ್‌ಮಾಸ್ಟರ ಮುಂದೆ ನಿಂತು ಅದೇ ಮಾತು ಕೇಳಿದರು: "ಊಟ ಆಯಿತೇ?"

ಬೇರೆಯವರ ಮನೆಯಲ್ಲಿ ಕೇಳಿದ ಕೂಡಲೇ 'ಇಲ್ಲ' ಅನ್ನುವ ರೂಢಿ ನಮ್ಮವರಿಗೆಲ್ಲಿದೆ? ಅವರ ಬಾಯಿ ತಾನಾಗಿಯೇ "ಆತು, ಆತು" ಅಂದಿತು. ಕೈ ಹೊಟ್ಟೆ ಸವರಿತು. ಇನ್ನೆರಡು ಸಲ ಒತ್ತಾಯ ಮಾಡುತ್ತಾರೆಂದು ಕಾದರು. ಅಜ್ಜಿ ನಂಬಿ, ಸಂತೋಷಪಟ್ಟು, ಆ ಬಟ್ಟಲನ್ನು ಪಕ್ಕದ ಹುಡುಗಿಗೆ ಕೊಟ್ಟು ಮುಂದೆ ಹೋದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ಬಾಗಿಲು ದಬದಬ ಬಡಿದ ಸದ್ದಾಯಿತು. ಹೆಡ್‌ಮಾಸ್ಟರು ಉಳಿದ ದುಡ್ಡು, ಖಾಲಿ ಚೀಲ ಹಿಡಿದು ನಿಂತಿದ್ದರು.

"ಏಳ್ರಿ ಸಿಸ್ಟರ್, ಪ್ಯಾಟಿಗೆ ಹೋಗಿ ಜೋಳ ತರಾಣ! ಪಾಪ, ಮಕ್ಕಳು ಹಸ್ದಾವು!"